ಸಂದು ಬಿಡಬಾರದ ಇಂಜಿನ್ನು

ನಮ್ಮ ಸೋದರಮಾವನ ಬಲಗಿವಿಯ ಮುಂದೆ ಹುಣಸೆಬೀಜದಷ್ಟು ಜಾಗದಲ್ಲಿ ಚರ್ಮ ಕಪ್ಪಾಗಿ ದಡ್ಡುಗಟ್ಟಿತ್ತು. ಅದು ಹುಟ್ಟಿನಿಂದ ಬಂದದ್ದಲ್ಲ, ಸ್ಕ್ರೂಡ್ರೈವರ್ ಮಾಡಿದ್ದು. ಓಡುತ್ತಿರುವ ಇಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ಮೊನೆ ತಾಗಿಸಿ, ಮರದ ಹಿಡಿಯನ್ನು ಅಲ್ಲಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಳಗಿನ ಸದ್ದು ಕೇಳುತ್ತಿದ್ದ. ಆಗ ಯಾರಾದರೂ ಬಾಯಿ ತೆಗೆದರೆ ಕೈಲಿದ್ದ ಎಣ್ಣೆಬಟ್ಟೆ ಬೀಸುತ್ತಿದ್ದ. ನನಗೂ ಬೀಸಿದ್ದಾನೆ, ನಾನು ಮುನಿಸಿಕೊಂಡು ಊಟ ಬಿಟ್ಟದ್ದೂ ಉಂಟು.

ನಮ್ಮ ತಾಲ್ಲೂಕಿನ ಮಧುರೆಯಿಂದ ದೊಡ್ಡಬೆಳವಂಗಲದವರೆಗೆ ಅವನ ಕೈ ತಾಗದ ಡೀಸೆಲ್ ಪಂಪ್‌ಸೆಟ್ಟು ಕಡಿಮೆ. ಪಂಪ್‌ಸೆಟ್ಟಿನಲ್ಲಿ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಚೂರೇ ಚೂರು ಸಂದು ಇರಬೇಕು, ಕಾದ ಕಬ್ಬಿಣ ಹಿಗ್ಗುತ್ತದಲ್ಲ. ಅಳೆಯುವ ಗೇಜು ಅವನ ಹತ್ತಿರ ಇರಲೇ ಇಲ್ಲ. ಶೇವಿಂಗ್ ಬ್ಲೇಡು ಎರಡನ್ನು ಜೋಡಿಸಿ ತೂರಿಸುತ್ತಿದ್ದ, ಹಿಡಿದೂ ಹಿಡಿಯದ ಹಾಗೆ ಜಾರಿದರೆ ಸರಿ. "ಸಂದು ಬಿಡ್ಬೇಕು ಕಣವ್ವ, ಬಿಗಿಯಾದ್ರೆ ಸುಟ್ಟೋಯ್ತದೆ" ಅನ್ನುತ್ತಿದ್ದ. ಇಂಜಿನ್ನಿಗೂ ಅದೇ ಮಾತು, ಬಾಗಿಲ ಚೌಕಟ್ಟಿಗೂ ಅದೇ, ಮನುಷ್ಯರಿಗೂ ಅದೇ.

ಗಂಡನ ಮನೆ ಸಾಕೆಂದು ಬ್ಯಾಗು ಹಿಡಿದುಕೊಂಡು ಬಂದು ನಾನು ಅವನ ಬಾಗಿಲಲ್ಲಿ ನಿಂತ ದಿನ, ಅವನ ಹೆಂಡತಿ, ನಮ್ಮತ್ತೆ, ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರು ಮಾಡಿದಳು. ಹೆತ್ತವರೇ ನನಗೆ ನೂರೆಂಟು ಪ್ರಶ್ನೆ ಹಾಕಿ ವಾಪಸ್ ಹೋಗು ಅಂದಿದ್ದರು. ಮಾವ ನನ್ನ ಮುಖ ನೋಡಿದ.

"ಅವ್ರು ಸಂದು ಬಿಡ್ಲಿಲ್ಲ ಅನ್ಸುತ್ತೆ. ಒಳಕ್ಕೆ ಬಾರವ್ವ."

ಅಷ್ಟೇ. ಆಮೇಲೆ ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ನಾನು ಸ್ಕೂಲಿನಲ್ಲಿ ಟೀಚರ್ ಕೆಲಸ ಹಿಡಿದು ಅವರ ಮನೆಯಲ್ಲೇ ಉಳಿದೆ.

ನಮ್ಮೂರ ಕೆರೆ ನಾನು ಕಂಡಂತೆ ಒಣಗೇ ಇತ್ತು. ಲೇಔಟಿಗೆ, ಇಟ್ಟಿಗೆ ಗೂಡಿಗೆ ಎಂದು ಮಣ್ಣು ತೋಡಿ ತೋಡಿ ಒಳಗೆಲ್ಲ ಗುಂಡಿ ಬಿದ್ದಿತ್ತು. ಆಮೇಲೆ ನಗರದ ಕೊಳಚೆ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ಬಿಟ್ಟರು. ಕೆರೆ ತುಂಬಿತು, ಬತ್ತಿದ ಬೋರ್‌ವೆಲ್ಲುಗಳಲ್ಲಿ ನೀರು ಬಂತು, ಊರು ಹಿಗ್ಗಿತು. ಆದರೆ ಈಜು ಯಾರಿಗೆ ಬರುತ್ತಿತ್ತು? ಗುಂಡಿ ಎಲ್ಲಿದೆ ಎಂಬ ನೆನಪು ಯಾರಿಗಿತ್ತು? ಅತ್ತೆ ಹಸುವಿಗೆ ಹುಲ್ಲು ಕೊಯ್ಯಲು ಕೆರೆಯಂಚಿಗೆ ಹೋಗಿ ಜಾರಿದಳು. ಮಾವ ಏರಿಯ ಮೇಲೆ ನಿಂತು ಕೂಗಿಕೊಂಡ. ಅವಳ ಸೀರೆ ಕಾಣುತ್ತಿತ್ತಂತೆ, ಅಲ್ಲಿಗೆ ಹೋಗುವ ದಾರಿ ಇರಲಿಲ್ಲ. ಮೀನು ಹಿಡಿಯುವವರು ಪಕ್ಕದ ಊರಿನಿಂದ ಥರ್ಮಾಕೋಲ್ ತೆಪ್ಪ ತಂದು ಅವಳನ್ನು ಎತ್ತುವ ಹೊತ್ತಿಗೆ ಸಂಜೆಯಾಗಿತ್ತು.

ವರ್ಷದ ತಿಥಿ ಕಳೆದ ಮೇಲೆ ಮಾವ ಒಂದು ದೋಣಿ ತಂದ. ಮುಚ್ಚಿಹೋದ ರೆಸಾರ್ಟಿನದು, ಗುಜರಿಗೆ ಬಿದ್ದಿತ್ತು. ಅದಕ್ಕೆ ಯಾವುದೋ ಹಳೇ ಕಾರಿನ ಇಂಜಿನ್ ಕೂಡಿಸಿದ್ದರು. ಟ್ರ್ಯಾಕ್ಟರಿನ ಮೇಲೆ ದೋಣಿ ಊರೊಳಗೆ ಬಂದಾಗ ಜನ, ಏನಪ್ಪಾ ಸಮುದ್ರಕ್ಕೆ ಹೊರಟ್ಯಾ ಎಂದು ಕಿಚಾಯಿಸಿದರು.

"ಇನ್ನೊಬ್ರು ಆ ನೀರಲ್ಲಿ ಹಂಗೆ ಬಿದ್ದಿರ್ಬಾರ್ದು" ಅಂದ ಮಾವ. ಆಮೇಲೆ ಯಾರೂ ನಗಲಿಲ್ಲ.

ಇಂಜಿನ್ ಓಡಿತು, ಆದರೆ ಟಕಟಕ ಟಕಟಕ ಅನ್ನುತ್ತಿತ್ತು. ಆಯಿಲ್ ನೋಡಿದ, ಡಾಂಬರಿನ ಹಾಗಿತ್ತು, ಬದಲಾಯಿಸಿದ. ಸದ್ದು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಕಡೆ ಕೇಳುತ್ತಾ ಬಂದು, ಹಿಂಬದಿಯ ಒಂದು ವಾಲ್ವಿನ ಬಳಿ ನಿಂತ. ಟ್ಯಾಪೆಟ್ ಸದ್ದು, ವಾಲ್ವಿನ ತೋಳು ಬಡೀತಿದೆ ಎಂದ. ಜಾಗ ಸರಿಯಾಗಿಯೇ ಹಿಡಿದಿದ್ದ. ಮುಚ್ಚಳ ಬಿಚ್ಚಿದರೆ ಎಲ್ಲೂ ಸಂದೇ ಇಲ್ಲ. ಬಿಗಿ ಮಾಡಿಟ್ಟವರ್ಯಾರೋ ಎಂದು ಬೈದುಕೊಂಡು, ಬ್ಲೇಡು ತೂರಿಸಿ, ಎಲ್ಲ ವಾಲ್ವಿಗೂ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ಸಂದು ಬಿಟ್ಟ. ಸದ್ದು ಜೋರಾಯಿತು. ಮತ್ತೆ ಬಿಚ್ಚಿದ, ಮತ್ತೆ ಬ್ಲೇಡು ಹಿಡಿದ. ಕೊನೆಗೆ, ದೋಣಿ ಇಂಜಿನ್ನಿನ ಗುಣವೇ ಹಾಗಿರಬೇಕು ಅಂದ. ಆದರೆ ಊಟಕ್ಕೆ ಕೂತಾಗಲೂ ಅವನ ಬೆರಳು ತಟ್ಟೆಯ ಅಂಚಿನ ಮೇಲೆ ಅದೇ ಟಕಟಕ ಬಡಿಯುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ, ಏರಿಯ ಪಕ್ಕದ ಮನೆಯ ಹುಡುಗ ಎಮ್ಮೆ ತೊಳೆಯಲು ಇಳಿದವನು ಗುಂಡಿಗೆ ಸಿಕ್ಕಿದ. ಮಾವ ಓಡಿದ. ಇಂಜಿನ್ ಒಂದೇ ಸಲಕ್ಕೆ ಹತ್ತಿತು, ದೋಣಿ ಹೊರಟಿತು. ಏರಿಯ ಮೇಲೆ ಆ ಹುಡುಗನ ತಾಯಿ ನನ್ನ ಕೈ ಹಿಡಿದುಕೊಂಡಿದ್ದಳು. ಹುಡುಗನ ತಲೆ ಇನ್ನೂ ಕಾಣುತ್ತಿತ್ತು. ಅರ್ಧ ದಾರಿಯಲ್ಲಿ ಟಕಟಕ ಹೋಗಿ ದಡದಡ ಆಯಿತು, ಇಂಜಿನ್ ನಿಂತಿತು. ಸಂದು ಸಡಿಲವಾಗಿ, ವಾಲ್ವಿನ ತೋಳನ್ನು ಎತ್ತುವ ಕೋಲು ಜಾಗ ಬಿಟ್ಟು ಕಳಚಿಕೊಂಡಿತ್ತು. ಮಾವ ಹಲಗೆ ತುಂಡಿನಲ್ಲಿ ಹುಟ್ಟು ಹಾಕಿಕೊಂಡು ಹೋದ. ತಲುಪಿದಾಗ ನೀರಿನ ಮೇಲೆ ಏನೂ ಇರಲಿಲ್ಲ.

ಊರವರು ಸಮಾಧಾನ ಹೇಳಿದರು, ಇಂಜಿನ್ ಓಡಿದ್ದರೂ ಹುಡುಗ ಸಿಗುತ್ತಿರಲಿಲ್ಲ ಎಂದರು. ಸಿಗುತ್ತಿದ್ದನೋ ಇಲ್ಲವೋ ನನಗೂ ಗೊತ್ತಿಲ್ಲ. ಮಾವ ಮಾತ್ರ ಒಪ್ಪಲಿಲ್ಲ.

"ಅದು ಬಡ್ಕೋತಾನೇ ಇತ್ತು ಕಣವ್ವ. ನಾನೇ ಪಂಪ್‌ಸೆಟ್ ಭಾಷೇಲಿ ಕೇಳ್ದೆ."

ಇಂಜಿನ್ನಿನ ತಲೆ ಬಿಚ್ಚಿ, ಒಳಗಿನ ಸಾಮಾನೆಲ್ಲ ಟವೆಲ್ಲಿನಲ್ಲಿ ಕಟ್ಟಿಕೊಂಡು ನೆಲಮಂಗಲಕ್ಕೆ ಹೋದ. ಅಲ್ಲಿ ಹಳೇ ಕಾರು ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಅವರು ಹೆಬ್ಬೆರಳುದ್ದದ ಒಂದು ಉರುಳೆ ಎತ್ತಿ ತೋರಿಸಿದರಂತೆ. ಅದು ಲಿಫ್ಟರು. ಇಂಜಿನ್ನಿನ ಆಯಿಲನ್ನು ಹೊಟ್ಟೆಯೊಳಗೆ ತುಂಬಿಕೊಂಡು ತಾನೇ ಉಬ್ಬಿ ನಿಂತು ಸಂದು ಮುಚ್ಚುತ್ತದೆ. ಇದಕ್ಕೆ ಸಂದು ಬಿಡಲೇಬಾರದು, ತಾಗಿದ ಮೇಲೆ ಇನ್ನರ್ಧ ಸುತ್ತು ಬಿಗಿ ಮಾಡಬೇಕು. ಮೊದಲಿಂದ ಕೆಟ್ಟದ್ದು ಒಂದೇ ಒಂದು, ಹಳೇ ಆಯಿಲಿನ ಜಿಡ್ಡು ಕಟ್ಟಿ ಒಳಗೆ ಅಂಟಿಕೊಂಡಿತ್ತು. ಡೀಸೆಲ್ಲಿನಲ್ಲಿ ತೊಳೆದಿದ್ದರೆ ಮುಗಿಯುತ್ತಿತ್ತು. ಚೆನ್ನಾಗಿದ್ದವಕ್ಕೆಲ್ಲ ಸಂದು ಬಿಟ್ಟು ಕೆಡಿಸಿದವನು ಮಾವನೇ.

ಅಂಗಳದಲ್ಲಿ ಕೂತು ಒಂದೊಂದನ್ನೂ ಡೀಸೆಲ್ಲಿನಲ್ಲಿ ತೊಳೆದ. ಹೊಸ ಆಯಿಲಿನಲ್ಲಿ ಮುಳುಗಿಸಿ, ಒಳಗಿನ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುವ ತನಕ ಒತ್ತಿದ. ಬಗ್ಗಿದ ಕೋಲು ಬದಲಾಯಿಸಿ, ಅರ್ಧ ಸುತ್ತು ಬಿಗಿ ಮಾಡಿ ಕೂಡಿಸಿದ. ಕೆಲಸದುದ್ದಕ್ಕೂ ಅಳುತ್ತಿದ್ದ. ನಾನು ಕಾಫಿ ಇಟ್ಟು ಒಳಗೆ ಬಂದೆ.

ಇಂಜಿನ್ ತಣ್ಣಗೆ ಓಡಿತು. ಅಂದಿನಿಂದ ದಿನಾ ಬೆಳಗ್ಗೆ ಕೆರೆಗೆ ಹೋಗಿ ಸ್ಟಾರ್ಟ್ ಮಾಡಿ, ಸ್ಕ್ರೂಡ್ರೈವರ್ ಹಿಡಿದು ಕೇಳಿ ಬರುತ್ತಿದ್ದ. ಹೋಗುವಾಗ ಆ ಹುಡುಗನ ಮನೆ ಮುಂದೆ ಹಾಯುತ್ತಿರಲಿಲ್ಲ, ಗದ್ದೆ ಬಯಲು ಸುತ್ತಿ ಹೋಗುತ್ತಿದ್ದ. ತಾಯಿಯೂ ಅವನ ಜೊತೆ ಮಾತು ಬಿಟ್ಟಿದ್ದಳು. ಸಂದು ಬಿಡಬೇಕು ಅನ್ನುವ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ. ಪಂಪ್‌ಸೆಟ್ ರಿಪೇರಿಗೆ ಕರೆದರೂ, ಕೈ ನಡುಗುತ್ತೆ ಎಂದು ಹೇಳಿ ಕಳಿಸಿಬಿಡುತ್ತಿದ್ದ. ಕೈ ನಡುಗುತ್ತಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಲಕ್ವ ಹೊಡೆದು ಮಲಗಿದ. ಮಾತು ಹೋಗಿತ್ತು. ಬೆಳಗಾದರೆ ಕೆರೆಯ ಕಡೆಗೆ ಕೈ ತೋರಿಸುತ್ತಿದ್ದ. ನಾನು ಹೋಗಿ ಸ್ಟಾರ್ಟ್ ಮಾಡಿ ಬಂದು, ಸದ್ದಿಲ್ಲ ಮಾವ ಎಂದು ಹೇಳಿದ ಮೇಲೆಯೇ ಗಂಜಿಗೆ ಬಾಯಿ ತೆರೆಯುತ್ತಿದ್ದ. ಹಾಗೇ ಒಂದು ದಿನ ಬಾಯಿ ತೆರೆಯಲಿಲ್ಲ.

ಹನ್ನೊಂದನೇ ದಿನದ ತಿಥಿ ಮುಗಿದ ಮಾರನೆ ಬೆಳಗ್ಗೆ ಬಾಗಿಲು ತೆಗೆದರೆ ಆ ಹುಡುಗನ ತಾಯಿ ನಿಂತಿದ್ದಳು.

"ಹತ್ತನ್ನೆರ್ಡು ದಿನದಿಂದ ಇಂಜಿನ್ ಕೇಳಿಸ್ತಿಲ್ಲ ಕಣವ್ವ" ಅಂದಳು.

ಯಾರು ಸ್ಟಾರ್ಟ್ ಮಾಡ್ಬೇಕಮ್ಮ ಇನ್ನು ಎಂದೆ, ಸ್ವಲ್ಪ ಒರಟಾಗಿಯೇ.

"ದಿನಾ ಕೇಳಿಸ್ಕೊಂಡೇ ನಾನು ಒಲೆ ಹಚ್ತಿದ್ದೆ. ನಿಮ್ಮಾವಂಗೆ ಹೇಳ್ಲಿಲ್ಲ" ಅಂದಳು.

ನನಗೆ ರೇಗಿತು. ಒಂದು ಸಲ, ಒಂದೇ ಒಂದು ಸಲ ಈ ಮಾತು ಅವನಿಗೆ ಹೇಳಿದ್ದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದನಲ್ಲ ಎಂದು ನಾಲಿಗೆಯ ತುದಿಗೆ ಬಂತು. ಮಗನನ್ನು ಕಳೆದುಕೊಂಡವಳಿಗೆ ಅದನ್ನು ಹೇಗೆ ಹೇಳುವುದು? ನುಂಗಿಕೊಂಡು, ಗೂಡಿನಲ್ಲಿದ್ದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಟೆ. ಅವಳೂ ಹಿಂದೆ ಬಂದಳು.

ಈಗ ಸ್ಕೂಲಿಗೆ ಹೋಗುವ ಮುಂಚೆ ದಿನಾ ಇಂಜಿನ್ ಸ್ಟಾರ್ಟ್ ಮಾಡುತ್ತೇನೆ. ಮರದ ಹಿಡಿಯನ್ನು ಕಿವಿಗೊತ್ತಿಕೊಂಡು ಕೂರುತ್ತೇನೆ. ಆ ತಾಯಿ ಏರಿಯ ಮೇಲೆ ಬಂದು ನಿಲ್ಲುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ಸದ್ದು ಕೇಳುವಾಗ ಮಾತಾಡಬಾರದು.