ಸತ್ತ ಫೋನಿನಲ್ಲಿ ಆಡಿದ ಮಾತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಎದುರಿಗೇ ನಕ್ಕು ಹಿರಿಯರ ಮನಸ್ಸು ನೋಯಿಸಿದ್ದೂ ಉಂಟು. ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಕಲಿತ ಇಂಗ್ಲಿಷ್ ಪದಗಳಲ್ಲಿ ‘ನಾನ್‌ಸೆನ್ಸ್’ ನನಗೆ ಅತ್ಯಂತ ಪ್ರಿಯವಾದದ್ದು. ಮೇಲಾಗಿ ಓದಿದ್ದು ಫಿಸಿಕ್ಸ್, ಬದುಕು ಕಳೆದದ್ದು ಗಾಳಿ, ತೇವ, ಉಷ್ಣಾಂಶಗಳ ಲೆಕ್ಕದಲ್ಲಿ. ಹಾಗಾಗಿ ಇದನ್ನು ಓದಿ ನೀವೂ ನಾನ್‌ಸೆನ್ಸ್ ಎಂದರೆ ನನಗೆ ಬೇಜಾರಿಲ್ಲ. ನಾನೇ ಎಷ್ಟೋ ಸಲ ಹಾಗೆ ಅಂದುಕೊಂಡು ಮಲಗಿದ್ದೇನೆ. ನಿದ್ದೆ ಬಂದಿಲ್ಲ, ಅಷ್ಟೆ.

ಹವಾಮಾನ ಕಚೇರಿಯ ಕೆಲಸ ಬಿಟ್ಟಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಮಲ್ಲೇಶ್ವರದಲ್ಲಿದ್ದ ಒಂದು ಟಿವಿ ಚಾನೆಲ್‌ನವರು ನನ್ನನ್ನು ಕರೆದರು. ದಿನಕ್ಕೆ ಮೂರು ಬಾರಿ ಮ್ಯಾಪಿನ ಮುಂದೆ ನಿಂತು ಮಳೆ ಹೇಳುವುದು ನನ್ನ ಕೆಲಸ. ಕರಾವಳಿಗೆ ಚಂಡಮಾರುತ ಬಂದಾಗ, ಉತ್ತರದ ಜಿಲ್ಲೆಗಳಲ್ಲಿ ಊರೂರೇ ನೀರಲ್ಲಿ ನಿಂತಾಗ ಬೆಳಗಿನಿಂದ ರಾತ್ರಿವರೆಗೂ ಕ್ಯಾಮೆರಾ ಎದುರಿಗೇ ಇರುತ್ತಿದ್ದೆ. “ಮೇಡಂ, ಇವತ್ತು ಸಾವು ಜಾಸ್ತಿ, ರೇಷ್ಮೆ ಸೀರೆ ಬೇಡ, ಕಾಟನ್ ಉಟ್ಕೊಳಿ” ಎಂದು ಪ್ರೊಡ್ಯೂಸರ್ ಹೇಳುತ್ತಿದ್ದ. ಮೊದಮೊದಲು ಆ ಮಾತಿಗೆ ಮೈ ಝುಮ್ಮೆನ್ನುತ್ತಿತ್ತು. ಆಮೇಲೆ ನಾನೇ ಎರಡು ಕಾಟನ್ ಸೀರೆ ತಂದು ಆಫೀಸಿನ ಬೀರುವಿನಲ್ಲಿ ಇಟ್ಟುಕೊಂಡೆ.

ಚಾಮರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಅಕ್ಕತಂಗಿಯರಿಬ್ಬರು ಇದ್ದರು. ಕಮಲಮ್ಮ ರಿಟೈರ್ ಆದ ಸ್ಕೂಲ್ ಟೀಚರ್. ತಂಗಿ ಪದ್ಮಾ ಮದುವೆಯಾಗಿರಲಿಲ್ಲ, ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವಳು. ಅಕ್ಕನೇ ಸಾಕಿ ಬೆಳೆಸಿದ್ದು. ಮದುವೆ ಮನೆಗಳಿಗೆ ಹಪ್ಪಳ ಸಂಡಿಗೆ ಮಾಡಿಕೊಡುವುದು ಇಬ್ಬರ ಕೆಲಸ. ಬೇಸಿಗೆ ಪೂರ್ತಿ ಅವರ ತಾರಸಿಯ ಮೇಲೆ ಬಿಳಿ ಪಂಚೆಗಳು, ಪಂಚೆಗಳ ತುಂಬ ಸಂಡಿಗೆ.

ಪದ್ಮಾಳ ಬಾಯಿ ಬಲು ಚುರುಕು. ಕಾಂಪೌಂಡಿನ ಆಚೆಯಿಂದಲೇ, “ಏನ್ರೀ ಟಿವಿ ಮೇಡಂ, ನೀವು ಮಳೆ ಸಂಭವ ಇದೆ ಅಂದ್ರಿ ಅಂತ ಛತ್ರಿ ಹಿಡ್ಕೊಂಡು ಹೋದೆ. ಅಕ್ಕಿಪೇಟೆವರ್ಗೂ ಜನ ನನ್ನ ನೋಡಿ ನಕ್ಕಿದ್ದೇ ನಕ್ಕಿದ್ದು! ನಿಮ್ಮ ಸಂಭವ ಯಾವಾಗ್ರೀ ಸಂಭವಿಸೋದು?” ಎನ್ನುವಳು.

“ಟಿವಿಯಲ್ಲಿ ಹೇಳೋದು ಇಡೀ ರಾಜ್ಯಕ್ಕೆ ಕಣೇ. ನಿನ್ನ ತಾರಸಿಗೆ ಬೇರೆ ಹೇಳ್ತೀನಿ ಬಿಡು” ಎಂದೆ.

ಹಾಗೆ ತಮಾಷೆಗೆ ಶುರುವಾದದ್ದು ಪದ್ಧತಿಯಾಯಿತು. ಬೆಳಗ್ಗೆ ಆರಕ್ಕೆಲ್ಲ ಆಫೀಸಿನ ಕಾರಿನಲ್ಲಿ ಹೋಗಿ, ರಾತ್ರಿಯ ಚಾರ್ಟ್ ನೋಡಿ, ಏಳು ಗಂಟೆಗೆ ಅವರ ಮನೆಗೆ ಫೋನ್ ಮಾಡುತ್ತಿದ್ದೆ. ನಾನು ‘ಹಾಕಿ’ ಎಂದರೆ ಕಮಲಮ್ಮ ಹಿಟ್ಟು ಬೇಯಲು ಇಡುವರು. ಫೋನ್ ಬರದಿದ್ದರೆ ಅಂದು ಸಂಡಿಗೆಗೆ ರಜ. ಒಂದು ಮಳೆಗೆ ಮೂವತ್ತು ಸೇರು ಅಕ್ಕಿಯ ಸಂಡಿಗೆ ಹಾಳಾದಮೇಲೆ ಅವರು ಮಾಡಿಕೊಂಡ ನಿಯಮ ಅದು. ಮೂರು ಬೇಸಿಗೆ ಅದು ಒಮ್ಮೆಯೂ ತಪ್ಪಿರಲಿಲ್ಲ.

ನಾಲ್ಕನೆಯ ಬೇಸಿಗೆ, ಏಪ್ರಿಲ್ ತಿಂಗಳು. ಅಂದು ಬೆಳಗ್ಗೆ ಚಾರ್ಟ್ ಶುದ್ಧವಾಗಿತ್ತು. ಎಂದಿನಂತೆ ರಿಸೀವರ್ ಎತ್ತಿ, ಕಣ್ಣು ಚಾರ್ಟಿನ ಮೇಲಿಟ್ಟುಕೊಂಡೇ ನಂಬರ್ ಒತ್ತಿ, ಒಂದು ಕ್ಷಣ ಬಿಟ್ಟು, “ಕಮಲಮ್ಮ, ಹಾಕಿ. ಇವತ್ತು ಆಕಾಶ ಇಸ್ತ್ರಿ ಮಾಡಿದ ಸೀರೆ ಥರ ಇದೆ” ಎಂದೆ. ಆ ಉಪಮೆ ಎಲ್ಲಿಂದ ಬಂತೋ, ಹಿಂದೆಂದೂ ಹಾಗೆ ಹೇಳಿದವಳಲ್ಲ.

ಮೇಕಪ್ ಮಾಡುವ ಲಲಿತಾ ಹಿಂದಿನಿಂದ ಕಿಸಕ್ಕನೆ ನಕ್ಕಳು. “ಯಾರಿಗ್ ಹೇಳ್ತಿದೀರಾ ಮೇಡಂ? ರಾತ್ರಿನೇ ರಸ್ತೆ ಅಗೆದು ಕೇಬಲ್ ಕತ್ತರಿಸಿ ಹಾಕಿದಾರೆ. ನಮ್ಮ ಹಿಂದಿನ ಬ್ಲಾಕ್‌ನ ಫೋನೆಲ್ಲ ಡೆಡ್ಡು!”

ಆಗ ಗಮನಿಸಿದೆ. ಡಯಲ್ ಟೋನ್ ಇಲ್ಲ, ಗೊರಗೊರ ಸದ್ದೂ ಇಲ್ಲ. ನಾನೂ ನಕ್ಕು ರಿಸೀವರ್ ಇಟ್ಟೆ. ಮುಂದಿನ ಬ್ಲಾಕಿನ ನ್ಯೂಸ್‌ರೂಮಿಗೆ ಹೋಗಿದ್ದರೆ ಅಲ್ಲೊಂದು ಫೋನಿತ್ತು. ಆದರೆ ಬುಲೆಟಿನ್‌ಗೆ ಹೊತ್ತಾಗಿತ್ತು. ಒಂದು ದಿನ ಸಂಡಿಗೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಸುಮ್ಮನಾದೆ.

ಹತ್ತೂವರೆಗೆ ನ್ಯೂಸ್‌ರೂಮಿನ ಫ್ಯಾಕ್ಸಿಗೆ ಬೆಳಗಿನ ಬಲೂನ್ ರೀಡಿಂಗ್ ಬಂತು. ಮುಂಜಾನೆ ಬಲೂನು ಹಾರಿಸಿ ಮೇಲಿನ ಗಾಳಿಯನ್ನು ಅಳೆದ ಅಂಕಿಗಳು ಅವು. ಓದುತ್ತಿದ್ದಂತೆ ನಾನು ಎದ್ದು ನಿಂತೆ. ಕೆಳಗೆ ವಿಪರೀತ ತೇವ, ಮೇಲೆ ವಿಪರೀತ ತಂಪು. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಇದು ಸುಮ್ಮನೆ ಹೋಗುವುದಿಲ್ಲ ಎಂದು ಖಾತ್ರಿಯಾಯಿತು. ಹನ್ನೆರಡರ ಬುಲೆಟಿನ್‌ನಲ್ಲಿ ‘ಸಂಭವ’ ಎಂಬ ಪದವನ್ನೇ ಬಿಟ್ಟು, “ಸಿಡಿಲು ಬೀಳುತ್ತದೆ, ಬಯಲಲ್ಲಿ, ತಾರಸಿಯಲ್ಲಿ ನಿಲ್ಲಬೇಡಿ” ಎಂದು ಹೇಳಿದೆ. ಫ್ಯಾಕ್ಸಿನ ಪಕ್ಕದಲ್ಲೇ ಫೋನ್ ಇತ್ತು. ಕೈ ಅದರ ಮೇಲೆ ಹೋಗಿದ್ದೂ ನೆನಪಿದೆ. ಬೆಳಗ್ಗೆ ನನ್ನ ಫೋನ್ ಹೋಗಿಲ್ಲ, ಅವರು ಸಂಡಿಗೆ ಹಾಕಿರುವುದಿಲ್ಲ, ತಾರಸಿಗೆ ಹೋಗುವ ಕೆಲಸವೇ ಇಲ್ಲ ಎಂದುಕೊಂಡೆ. ಕೈ ಹಿಂದಕ್ಕೆ ತೆಗೆದೆ.

ಮೂರು ಗಂಟೆಗೆ ಕತ್ತಲಾಯಿತು. ಇಪ್ಪತ್ತು ನಿಮಿಷ ಗಾಳಿ, ಆಲಿಕಲ್ಲು, ಸಿಡಿಲು. ನಾಲ್ಕರ ಬುಲೆಟಿನ್‌ನ ನಡುವೆ ಯಾರೋ ಒಂದು ಚೀಟಿ ತಂದಿಟ್ಟರು. ಕ್ಯಾಮೆರಾ ನೋಡಿಕೊಂಡು ಓದಿದೆ: “ಚಾಮರಾಜಪೇಟೆಯಲ್ಲಿ ಸಿಡಿಲು ಬಡಿದು ಮಹಿಳೆಯೊಬ್ಬರು ಸಾವನ್ನಪ್ಪಿದ್ದಾರೆ.” ಹೆಸರು ಬರೆದಿರಲಿಲ್ಲ. ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ. ನಡುಗಲು ಕಾರಣವೇ ಇರಲಿಲ್ಲವಲ್ಲ.

ಮನೆಗೆ ಬರುವ ಹೊತ್ತಿಗೆ ಪಕ್ಕದ ಮನೆಯ ಮುಂದೆ ಜನ ಸೇರಿದ್ದರು. ತಾರಸಿಯ ಪೈಪಿನಿಂದ ಗಂಜಿಯಂತೆ ಬೆಳ್ಳಗಿನ ನೀರು ಇಳಿದು ಮೋರಿಗೆ ಹೋಗುತ್ತಿತ್ತು. ಪಂಚೆ ಮಡಚಲು ಮೇಲೆ ಹೋದವಳು ಪದ್ಮಾ.

ಏನು ಮಾಡಿದರೂ ನನಗೆ ಅರ್ಥವಾಗಲಿಲ್ಲ. ಫೋನೇ ಇಲ್ಲದೆ ಅವರು ಸಂಡಿಗೆ ಹಾಕಿದ್ದಾದರೂ ಹೇಗೆ? ಹದಿಮೂರು ದಿನ ಕಳೆದ ಮೇಲೆ, ಕಮಲಮ್ಮ ಒಬ್ಬರೇ ಕೂತಿದ್ದಾಗ, ತಡೆಯಲಾರದೆ ಕೇಳಿಬಿಟ್ಟೆ. “ಕಮಲಮ್ಮ, ಅವತ್ತು ಯಾಕೆ ಹಾಕಿದ್ರಿ?”

ಅವರು ನನ್ನನ್ನು ನೋಡಿದ ರೀತಿ ಮರೆಯಲಾರೆ. “ಇದೇನ್ರೀ ಹೀಗ್ ಕೇಳ್ತೀರಾ? ನೀವೇ ಅಲ್ವಾ ಏಳು ಗಂಟೆಗೆ ಫೋನ್ ಮಾಡಿದ್ದು? ಆಕಾಶ ಇಸ್ತ್ರಿ ಮಾಡಿದ ಸೀರೆ ಥರ ಇದೆ ಅಂದ್ರಿ. ಹಿಂದೆ ಯಾರೋ ಹೆಂಗಸು ನಕ್ಕಿದ್ದೂ ಕೇಳಿಸ್ತು. ಪದ್ಮಂಗೆ ಹೇಳ್ದೆ, ಅವಳೂ ನಕ್ಕಳು. ಮೇಡಂ ಇವತ್ತು ಕವಿ ಆಗ್ಬಿಟ್ಟಿದಾರೆ ಅಂದ್ಲು.”

ಆ ಕೋಣೆಯಲ್ಲಿ ಇದ್ದದ್ದು ನಾನು ಮತ್ತು ಲಲಿತಾ. ಆ ಮಾತನ್ನು ನಾನು ಬೇರಾರಿಗೂ ಹೇಳಿರಲಿಲ್ಲ. ಲಲಿತಾ ಆ ಅಕ್ಕತಂಗಿಯರನ್ನು ನೋಡಿದವಳೂ ಅಲ್ಲ. ಆಮೇಲೆ ಕೇಬಲ್ ರಿಪೇರಿಗೆ ಬಂದಿದ್ದವನನ್ನು ಹುಡುಕಿ ಕೇಳಿದಾಗ, “ಕ್ರಾಸ್ ಕನೆಕ್ಷನ್ ಆಗೋಕೂ ವೈರ್ ಇರ್ಬೇಕಲ್ಲಮ್ಮ, ನಿಮ್ದು ಎರಡು ತುಂಡಾಗಿ ಗುಂಡೀಲಿ ಬಿದ್ದಿತ್ತು” ಎಂದ.

ಆದರೆ ಅಂದು ಕಮಲಮ್ಮನ ಎದುರು ನನ್ನ ಬಾಯಿಂದ ಹೊರಟದ್ದು, “ಫೋನ್ ಸತ್ತಿತ್ತು ಕಮಲಮ್ಮ, ನಾನು...” ಎಂದಷ್ಟೆ.

ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. “ಹಾಗನ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಫೋನ್ ಮಾಡ್ಲಿಲ್ಲ ಅಂತ ಮಾತ್ರ ಹೇಳ್ಬೇಡಿ. ನೀವು ಮಾಡ್ಲಿಲ್ಲ ಅಂದ್ರೆ, ಮಗು ಥರ ಸಾಕಿದೋಳನ್ನ ನಾನೇ ಮೇಲೆ ಕಳ್ಸಿದ ಹಾಗಾಗತ್ತೆ. ಹೇಳಿ, ನೀವು ಮಾಡಿದ್ರಿ ತಾನೆ?”

“ಹೌದು, ಮಾಡಿದ್ದೆ” ಎಂದೆ.

ಅವರ ಹಿಡಿತ ಸಡಿಲವಾಯಿತು. ಆಮೇಲೆ ಬದುಕಿದ್ದ ಆರು ವರ್ಷವೂ ಅವರು ಒಂದು ದಿನ ನನ್ನನ್ನು ದೂರಲಿಲ್ಲ. ಅವರನ್ನು ಸಮಾಧಾನಪಡಿಸಲು ನಾನಂದು ಸುಳ್ಳು ಹೇಳಿದೆನೋ, ಇಲ್ಲ ಇದ್ದ ನಿಜವನ್ನೇ ಒಪ್ಪಿಕೊಂಡೆನೋ, ಇವತ್ತಿಗೂ ನನಗೆ ತಿಳಿದಿಲ್ಲ.