ಬೈಂಡಿಂಗ್ ಮಾಮ ತಂದ ಓದುವ ಯಂತ್ರ

ಬೀದಿಯವರೆಲ್ಲ ಬೈಂಡಿಂಗ್ ಮಾಮ ಎಂದು ಕರೆಯುವ ಈ ಮನುಷ್ಯನಿಗೆ ಪುಸ್ತಕವೆಂದರೆ ಹೊಲಿಯುವ, ಗೋಂದು ಹಚ್ಚುವ, ರಟ್ಟು ಹಾಕುವ ವಸ್ತು. ಓದುವ ಗೀಳೇನಿದ್ದರೂ ಹೆಂಡತಿಯದು. ಬೈಂಡಿಗೆ ಬಂದ ಪುಸ್ತಕ ಮೊದಲು ಆಕೆಯ ಕೈ ದಾಟಬೇಕು, ಆಮೇಲೆ ಸೂಜಿ. ಗಿರಾಕಿ ಬಂದು ತಗಾದೆ ಮಾಡಿದರೆ ಗೋಂದು ಇನ್ನೂ ಒಣಗಿಲ್ಲ ಎಂದು ಮಾಮ ತಲೆ ಕೆರೆದುಕೊಳ್ಳುತ್ತಿದ್ದರು. ಮುಗಿಯದೆ ಇರುತ್ತಿದ್ದದ್ದು ಆಕೆಯ ಕೊನೆಯ ಅಧ್ಯಾಯ.

ಅಂಥವಳಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಪುಣ್ಯಕ್ಕೆ ಮಾತು ಉಳಿಯಿತು. ಆದರೆ ಆಕೆ ಪುಸ್ತಕ ಮುಟ್ಟುವುದನ್ನೇ ಬಿಟ್ಟಳು. ಯಾಕೆ ಎಂದು ಕೇಳಿದರೆ, ಒಂದೇ ಕೈಯಲ್ಲಿ ಹಿಡಿಯೋಕಾಗಲ್ಲ, ಅಕ್ಷರವೂ ಚಿಕ್ಕದು ಎನ್ನುತ್ತಿದ್ದಳು. ದಿನವಿಡೀ ಗೋಡೆ ನೋಡುತ್ತ ಕೂತಿರುತ್ತಿದ್ದಳು. ಪುಸ್ತಕ ಓದುವುದಕ್ಕೂ ಹಾಡು ಕೇಳುವುದಕ್ಕೂ ಆಗುವ ಕೈಯಂತ್ರ ಸಿಗುತ್ತದೆ ಎಂದು ಮಗಳು ಹೇಳಿದ್ದೇ ತಡ, ಗೋಂದಿನ ಕೈ ತೊಳೆದು ಅಂಗಡಿಗೆ ಹೊರಟರು.

ಅಂಗಡಿಯ ಹುಡುಗಿ ಬ್ಯಾಟರಿ, ಮೆಮೊರಿ ಎಂದು ಒಪ್ಪಿಸಿದ್ದು ಅವರಿಗೆ ತಲೆಬುಡ ತಿಳಿಯಲಿಲ್ಲ. ತಮಗೆ ಗೊತ್ತಿದ್ದ ಪರೀಕ್ಷೆಯನ್ನೇ ಮಾಡಿದರು: ಅಂಗೈಯಲ್ಲಿ ತೂಗಿದರು, ಅಂಚು ಸವರಿದರು, ಹೆಬ್ಬೆರಳು ಇಡಲು ಜಾಗ ಇದೆಯೇ ಎಂದು ಎಡಗೈಯಲ್ಲೇ ಹಿಡಿದು ನೋಡಿದರು. ಒಂದರಲ್ಲಿ ಹಾಡು ಜೋರು, ಆದರೆ ಪರದೆಯ ಹೊಳಪು ಕಣ್ಣಿಗೆ ಚುಚ್ಚುತ್ತಿತ್ತು. ಇನ್ನೊಂದು ಥೇಟ್ ಕಾಗದವೇ, ಆದರೆ ಹಾಡು ಕೇಳಲು ಕಿವಿಗೆ ಏನನ್ನೋ ತುರುಕಿಕೊಳ್ಳಬೇಕು. ಮೂರನೆಯದಕ್ಕೆ ಅಂಚಿನಲ್ಲಿ ಪುಟ ತಿರುಗಿಸುವ ಗುಂಡಿ ಇತ್ತು, ಮೆಲ್ಲಗೆ ಹಾಡುತ್ತಲೂ ಇತ್ತು. ಇದೇ ಸರಿ ಎಂದರು. ಓದುವವರನ್ನೇ ಕರೆತಂದಿದ್ದರೆ ಒಳ್ಳೆಯದಿತ್ತು ಎಂದು ಹುಡುಗಿ ಹೇಳಿದ್ದಕ್ಕೆ, ಓದುವುದರಲ್ಲಿ ಅವಳದು ಎತ್ತಿದ ಕೈ ಎಂದು ಬೀಗಿದರು.

ಮನೆಯಲ್ಲಿ ಆಕೆ ನೋಡಿ, ಅಕ್ಷರ ಚಿಕ್ಕದು ಎಂದಳು. ಮಾಮ ದೊಡ್ಡದು ಮಾಡಿದರು. ಇನ್ನೂ ಚಿಕ್ಕದು ಎಂದಳು. ಅಂಗಡಿಗೆ ಓಡಿ ಬೇಡಿಕೊಂಡು, ಗುಂಡಿಯೂ ಇರುವ ಅಗಲ ಪರದೆಯದಕ್ಕೆ ಬದಲಾಯಿಸಿ ತಂದರು. ಅದರಲ್ಲೂ ಅದೇ ರಾಗ. ಹುತ್ತ ಬಡಿದರೆ ಹಾವು ಸಾಯುತ್ತದೆಯೇ? ಪಾಪ, ಇಡೀ ಆಯುಸ್ಸು ಪುಸ್ತಕದ ಮೈಯನ್ನಷ್ಟೇ ರಿಪೇರಿ ಮಾಡಿದವರಿಗೆ ಅದು ಹೊಳೆಯಬೇಕಲ್ಲ. ಕೊನೆಗೆ ಪರದೆಯ ತುಂಬ ಒಂದೇ ಪದ ನಿಲ್ಲುವಷ್ಟು ದೊಡ್ಡದು ಮಾಡಿ, ಇದಾದರೂ ಕಾಣುತ್ತದೆಯೇ ಎಂದು ಕೇಳಿದರು.

"ಕಾಣತ್ತೆ ರೀ," ಎಂದಳು. "ಮೊದಲಿಂದಾನೂ ಕಾಣತ್ತೆ. ಅದು ಏನು ಅಂತ ಮಾತ್ರ ಗೊತ್ತಾಗಲ್ಲ. ಆಸ್ಪತ್ರೆಯಿಂದ ಬಂದಾಗಿಂದ ಹೀಗೇ."

ಡಾಕ್ಟರನ್ನು ಕೇಳೋಣ ಎಂದರು ಮಾಮ. ಮೊನ್ನೆ ಮತ್ತೆ ತೋರಿಸಲು ಹೋದಾಗ, ಮಾಮ ಔಷಧಿ ತರಲು ಹೋಗಿದ್ದ ಹೊತ್ತಿನಲ್ಲಿ ಆಕೆ ಕೇಳಿಯೂ ಆಗಿತ್ತು. ಓದು ಮತ್ತೆ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದರು. ಹೊಲಿಗೆ ಬಿಟ್ಟಿದ್ದರೆ ಬಿಚ್ಚಿ ಮತ್ತೆ ಹೊಲಿಯಬಹುದಿತ್ತು. ಇದಕ್ಕೆ ಎಲ್ಲಿ ಕೈ ಹಾಕುವುದೆಂದು ತಿಳಿಯದೆ ಮಾಮ ಕೈಚೆಲ್ಲಿ ಕೂತರು. ಏನಾದರೂ ಮಾಡಬೇಕಲ್ಲ ಎಂದು ಹಾಡು ಹಾಕಿದರು. ನಿಲ್ಲಿಸಿ ಅದನ್ನ, ಎಂದಳು ಆಕೆ.

"ವಾಪಸ್ ಮಾತ್ರ ಕೊಡಬೇಡಿ. ಮಗಳಿಗೂ ಹೇಳಬೇಡಿ. ಅವಳಿಗೆ ಅಕ್ಷರ ತಿದ್ದಿಸಿದ್ದು ನಾನು ಕಣ್ರೀ."

ಭಾನುವಾರ ಮಗಳು ಬಂದಳು. ಅಮ್ಮ ಕಿಟಕಿಯ ಹತ್ತಿರ ಯಂತ್ರ ಹಿಡಿದು ಕೂತಿದ್ದಳು. ಕಣ್ಣು ಪರದೆಯ ಮೇಲೆ, ಎಡಗೈ ಹೆಬ್ಬೆರಳು ಗುಂಡಿಯ ಮೇಲೆ. ಒಂದು ಪುಟಕ್ಕೆ ಎಷ್ಟು ಹೊತ್ತು ಬೇಕೆಂಬ ಅಂದಾಜು ಆಕೆಗೆ ತಪ್ಪಿಹೋಗಿತ್ತು. ಒತ್ತುತ್ತಲೇ ಇದ್ದಳು. ಮಗಳು ಬಾಗಿಲಲ್ಲೇ ನಿಂತು ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ನೋಡಪ್ಪ," ಎಂದು ಪಿಸುಗುಟ್ಟಿದಳು, "ಅಮ್ಮ ಮೊದಲಿಗಿಂತ ಬೇಗ ಓದ್ತಿದಾಳೆ."

ಮಾಮ ಹೌದಮ್ಮ ಎಂದರು.