ಒಂಬತ್ತು ಪೌಂಡು ಮೂರು ಔನ್ಸಿನ ಮನುಷ್ಯ

ಕಾಫೀಟ್ರೀ ಕೆರೆಗೆ ಇಳಿಯುವ ದಾರಿಯಲ್ಲಿ ಮಿಸೆಸ್ ಓಪಲ್ ಅವರ ಅಂಗಡಿ. ಅಲ್ಲಿನ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಸ್ಯಾಂಡ್‌ವಿಚ್ಚು, ಕೆಳಗಿನ ಖಾನೆಯಲ್ಲಿ ಗಾಳಕ್ಕೆ ಹಾಕುವ ಎರೆಹುಳು. ಎರಡೂ ಇದುವರೆಗೆ ಅದಲುಬದಲಾಗಿಲ್ಲ ಎನ್ನುತ್ತಾರೆ ಓಪಲ್. ತಿಂದವರು ಅಷ್ಟು ಖಚಿತವಾಗಿ ಹೇಳುವುದಿಲ್ಲ. ಗಲ್ಲಾದ ಹಿಂದೆ ಒಂದು ಸೀಡರ್ ಮರದ ಹಲಗೆ, ಅದರ ಮೇಲೆ ಕೆರೆಯ ಅತಿ ದೊಡ್ಡ ಮೀನಿನ ದಾಖಲೆ, ಕಾದ ಕಬ್ಬಿಣದಿಂದ ಬರೆದ ಒಂದು ಸಾಲು: ಹಾರ್ಲನ್ ಟ್ಯಾಕೆಟ್, ಬಾಸ್ ಮೀನು, 9 ಪೌಂಡು 3 ಔನ್ಸು.

ಹತ್ತೊಂಬತ್ತು ವರ್ಷಗಳಿಂದ ಆ ಸಾಲು ಹಾಗೆಯೇ ಇತ್ತು. ಹಾರ್ಲನ್ ಶಾಲೆಯ ಹಳದಿ ಬಸ್ಸು ಓಡಿಸುವವನು. ಅವನಿಗೆ ಆಸ್ತಿಯೆಂದರೆ ತೇಪೆ ಹಾಕಿದ ತಗಡಿನ ದೋಣಿ, ಅರ್ಧ ಎಕರೆ ಜಾಗ, ಮತ್ತು ಆ ಹಲಗೆ. ಮನೆಯಲ್ಲಿ ಬಾಸ್ ಯಾರೆಂಬುದರಲ್ಲಿ ಅವನಿಗಾಗಲಿ ಹೆಂಡತಿ ಲೊರೀನ್‌ಗಾಗಲಿ ಅನುಮಾನವಿರಲಿಲ್ಲ. ಕೆರೆಯ ಬಾಸ್ ಮಾತ್ರ ತಾನೇ ಎಂದು ಅವನು ನಂಬಿದ್ದ. ತಾನು ಸತ್ತ ದಿನ ಊರಿನ ಪತ್ರಿಕೆಯಲ್ಲಿ ಏನು ಬರಬೇಕೆಂದು ಲೊರೀನ್‌ಗೆ ಆಗಲೇ ಹೇಳಿಟ್ಟಿದ್ದ. ಮೊದಲು ಮೀನಿನ ತೂಕ, ಆಮೇಲೆ ಮಕ್ಕಳ ಹೆಸರು.

ಹೀಗಿರುವಾಗ ಪಕ್ಕದ ಮನೆಗೆ ವೆಂಡೆಲ್ ಸ್ಪರ್ಲಾಕ್ ಬಂದ. ಲೂಯಿವಿಲ್ ನಗರದಲ್ಲಿ ಮೂವತ್ತು ವರ್ಷ ಹಲ್ಲಿನ ಡಾಕ್ಟರಾಗಿದ್ದು ನಿವೃತ್ತನಾದವನು. ಅವನನ್ನು ಕಂಡಾಗಲೆಲ್ಲ ಹಾರ್ಲನ್ ಹಲ್ಲು ಕಡಿಯುತ್ತಿದ್ದ. ವೆಂಡೆಲ್‌ನ ದೋಣಿ ಮದುವಣಗಿತ್ತಿಯಂತೆ ಕೆಂಪಗೆ ಮಿನುಗುತ್ತಿತ್ತು. ಅದರ ಪರದೆಯಲ್ಲಿ ನೀರಡಿಯ ಮೀನು ಸ್ಕ್ಯಾನಿಂಗ್‌ನಲ್ಲಿ ಕೂಸು ಕಂಡಂತೆ ಕಾಣುತ್ತಿತ್ತು. ಇಷ್ಟಾದರೂ ಸಹಿಸಬಹುದಿತ್ತು. ಆದರೆ ಮನುಷ್ಯ ಒಳ್ಳೆಯವನು. ಅದನ್ನು ಹೇಗೆ ಸಹಿಸುವುದು?

"ಪಾಪ, ನಮ್ಮ ಅಂಗಳದ ಹುಲ್ಲೂ ಕತ್ತರಿಸಿಕೊಟ್ಟು ಹೋದ್ರು," ಎಂದಳು ಲೊರೀನ್ ಒಂದು ಸಂಜೆ.

"ನಾನು ಕೇಳಿದ್ನಾ?"

"ಕೇಳೋಕೆ ನೀನು ಮನೇಲಿರ್ಬೇಕಲ್ಲ, ಕೆರೇಲಿರ್ತೀಯ. ಎಷ್ಟು ನೀಟಾಗಿ ಕತ್ತರಿಸಿದಾರೆ ನೋಡು."

ಹಾರ್ಲನ್ ನೋಡಿದ. ನಿಜಕ್ಕೂ ನೀಟಾಗಿತ್ತು. ಅಂದು ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಏಪ್ರಿಲ್‌ನ ಮೂರನೆಯ ಶನಿವಾರ, ಹೆಣ್ಣು ಬಾಸ್‌ಗಳು ಮೊಟ್ಟೆ ತುಂಬಿಕೊಂಡು ದಡದ ಹತ್ತಿರ ಬರುವ ಕಾಲ. ಹಾರ್ಲನ್ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ದೋಣಿಕಟ್ಟೆಯ ಕಡೆಯಿಂದ ವೆಂಡೆಲ್‌ನ ಕೂಗು ಕೇಳಿತು.

"ಹಾರ್ಲನ್! ಬಾ ಗುರೂ, ಇದರ ಬಾಯಿ ನೋಡು! ಜೀವಮಾನವಿಡೀ ಬಾಯಿ ನೋಡ್ಕೊಂಡು ಬದುಕಿದೀನಿ, ಇಂಥದ್ದು ಕಂಡಿಲ್ಲ!"

ಓಪಲ್ ತಕ್ಕಡಿ ಹೊತ್ತು ಹೊರಟರು. ಮುಳ್ಳು ನಡುಗಿ, ಓಲಾಡಿ, ಕೊನೆಗೆ ನಿಂತಿತು.

"ಒಂಬತ್ತು ಪೌಂಡು, ಹನ್ನೊಂದು ಔನ್ಸು," ಎಂದರು ಓಪಲ್. ಹಾರ್ಲನ್‌ನ ಮುಖವನ್ನು ಮಾತ್ರ ಅವರು ನೋಡಲಿಲ್ಲ.

ಎಂಟು ಔನ್ಸು! ಒಂದು ಬೆಣ್ಣೆ ಡಬ್ಬಿಯಷ್ಟು ತೂಕಕ್ಕೆ ಹತ್ತೊಂಬತ್ತು ವರ್ಷ ಹೋಯಿತಲ್ಲ ಎಂದುಕೊಂಡ ಹಾರ್ಲನ್. ಮೊಟ್ಟೆಯಿದ್ದದ್ದು ಮೀನಿನ ಹೊಟ್ಟೆಯಲ್ಲಿ, ಕಿಚ್ಚು ಹತ್ತಿದ್ದು ಅವನ ಹೊಟ್ಟೆಯಲ್ಲಿ.

ಆದರೆ ಅಂಗಡಿಯ ಕಟ್ಟಳೆ ಇನ್ನೂ ಬಾಕಿಯಿತ್ತು. ಓಪಲ್ ಅವರ ಗಂಡ ತಾನಿದ್ದಾಗ ಮಾಡಿಟ್ಟದ್ದು: ತೂಗಿದ ಮೀನನ್ನು ಹಳೆಯ ದಾಖಲೆಯವನೇ ಕೈಯಾರೆ ನೀರಿಗೆ ಬಿಡಬೇಕು. ಅದು ತಾನಾಗಿ ಈಜಿ ಹೋದರೆ ಹಲಗೆಗೆ ಹೊಸ ಹೆಸರು. ಸತ್ತು ತೇಲಿದರೆ ಹಳೆಯದೇ ಗಟ್ಟಿ. ಸತ್ತ ಮೀನನ್ನು ಈಜಿತೆಂದು ಸೋಲುವವನು ಮೋಸ ಮಾಡಲಾರ ಎಂಬುದು ಆತನ ಲೆಕ್ಕ. ಸೋಲುವವನು ಬದುಕಿದ ಮೀನನ್ನೂ ಸಾಯಬಿಡಬಹುದು, ಮೋಸ ಎರಡೂ ಕಡೆ ಹರಿಯುತ್ತದೆ ಎಂದು ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ.

ಹಾರ್ಲನ್ ದೋಣಿಕಟ್ಟೆಯ ಹಲಗೆಗಳ ಮೇಲೆ ಬೋರಲು ಮಲಗಿ ಮೀನನ್ನು ನೀರಿಗಿಳಿಸಿದ. ಅದು ಮಗುಚಿಕೊಂಡಿತು. ಬಿಳಿ ಹೊಟ್ಟೆ ಮೇಲೆ.

"ದೋಣಿಯ ಮೀನಿನ ತೊಟ್ಟಿಗೆ ಗಾಳಿ ಬಿಡೋ ಪಂಪು ಹಾಕಿದ್ದೆಯಾ?" ಎಂದು ಕೇಳಿದ.

ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. "ಫೋಟೋ ತೆಗೀತಾ ಇದ್ದೆ... ಸ್ವಿಚ್ಚು ಮರೆತೇಬಿಟ್ಟೆ."

ಮೀನಮೇಷ ಎಣಿಸುವುದೆಂದರೆ ಏನೆಂದು ಹಾರ್ಲನ್‌ಗೆ ಆಗ ತಿಳಿಯಿತು. ಮೇಷವೊಂದು ಇರಲಿಲ್ಲ, ಅಷ್ಟೇ. ಸುಮ್ಮನೆ ಕೈ ಸಡಿಲ ಬಿಟ್ಟರೆ ಸಾಕು. ಐದು ನಿಮಿಷ. ಯಾರಿಗೂ ಗೊತ್ತಾಗದು. ಸೀಡರ್ ಹಲಗೆ ಅವನದಾಗಿಯೇ ಉಳಿಯುತ್ತದೆ.

ಅಷ್ಟರಲ್ಲಿ ಹಿಂದಿನಿಂದ ವೆಂಡೆಲ್ ಹೇಳಿದ: "ಹೋಗ್ಲಿ ಬಿಡು ಹಾರ್ಲನ್, ಪಾಪದ್ದು ಸತ್ರೆ ಒಳಗೆ ಹತ್ತಿ ತುಂಬಿಸಿ ಗೋಡೆಗೆ ಹಾಕ್ತೀನಿ. ಬಂದೋರಿಗೆಲ್ಲ ನಿನ್ನ ಹೆಸರೂ ಹೇಳ್ತೀನಿ."

ಹಾರ್ಲನ್‌ನ ಕಣ್ಣ ಮುಂದೆ ಅದೆಲ್ಲ ಬಂತು. ಬೆಂಕಿಗೂಡಿನ ಮೇಲೆ ಈ ಮೀನು. ಅದರ ಕೆಳಗೆ ಹೊಳೆಯುವ ಹಲ್ಲು ಬಿಟ್ಟುಕೊಂಡು ವೆಂಡೆಲ್. ಹಣ್ಣಿನ ಪೈ ಹಿಡಿದು ಹೋಗಿ "ಅಬ್ಬಾ!" ಎನ್ನುವ ಲೊರೀನ್. ಸತ್ತರೆ ಈ ಮೀನು ಎಂದೆಂದಿಗೂ ವೆಂಡೆಲ್‌ನದು. ಬದುಕಿದರೆ? ಬದುಕಿದರೆ ಅದು ಕೆರೆಯದು. ಕೆರೆಯಲ್ಲಿದ್ದದ್ದು ಇನ್ನೂ ಯಾರದೂ ಅಲ್ಲ. ಬರುವ ವರ್ಷ ಹತ್ತು ಪೌಂಡು ತೂಗಬಹುದು.

ಅವನು ಮೀನಿನ ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿದು ನೆಟ್ಟಗೆ ನಿಲ್ಲಿಸಿದ. ಕಿವಿರುಗಳೊಳಗೆ ನೀರು ಹರಿಯುವಂತೆ ಮೆಲ್ಲಗೆ ಮುಂದಕ್ಕೆ ನಡೆಸಿದ, ತಿರುಗಿಸಿದ, ಮತ್ತೆ ಮುಂದಕ್ಕೆ ನಡೆಸಿದ. ಏಪ್ರಿಲ್‌ನ ತಣ್ಣೀರಿಗೆ ಅವನ ಕೈ ಮೊಣಕೈವರೆಗೆ ಮರಗಟ್ಟಿತು. "ಉಸಿರಾಡೇ ತಾಯಿ," ಎಂದು ಗೊಣಗಿದ, "ಅವನ ಕೈಲಿ ಸಾಯ್ಬೇಡ್ವೇ."

ಬಹಳ ಹೊತ್ತಾದ ಮೇಲೆ ದವಡೆ ಅವನ ಬೆರಳನ್ನು ಅದುಮಿತು. ಬಾಲ ಒಮ್ಮೆ ಬಡಿಯಿತು. ಮಣ್ಣುನೀರಿನೊಳಗೆ ಒಂದು ಕಪ್ಪು ನೆರಳು ಎಡಕ್ಕೆ, ಜೊಂಡಿನ ಮೂಲೆಯ ಕಡೆಗೆ, ಜಾರಿ ಹೋದದ್ದು ನೀರಿಗೆ ಮೂಗು ತಾಗಿಸಿಕೊಂಡಿದ್ದ ಹಾರ್ಲನ್‌ಗೆ ಮಾತ್ರ ಕಂಡಿತು.

"ಈಜ್ತು!" ಎಂದರು ಓಪಲ್, ಅವನ ಖಾಲಿ ಕೈ ನೋಡಿ. ಕಣ್ಣೊರೆಸಿಕೊಂಡರು. "ನಿನ್ನಂಥ ದೊಡ್ಡ ಮನಸ್ಸು ಈ ಕೆರೇಲಿ ಇನ್ಯಾರಿಗೂ ಇಲ್ಲ, ಹಾರ್ಲನ್."

ಹಾರ್ಲನ್ ಹೊಗಳಿಕೆಯನ್ನು ತಲೆಬಾಗಿಸಿ ಸ್ವೀಕರಿಸಿದ. ಹೊಸ ದಾಖಲೆಯ ಚೀಟಿಗೆ ಸಹಿಯನ್ನೂ ಹಾಕಿದ.

ವೆಂಡೆಲ್ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. "ನಿನ್ನ ಉಪಕಾರ ಮರೆಯೋನಲ್ಲ ಗುರೂ. ಅಂದ ಹಾಗೆ, ಯಾವ ಕಡೆ ಹೋಯ್ತು ಅದು?"

ಹಾರ್ಲನ್ ಒದ್ದೆ ತೋಳನ್ನು ಉದ್ದಕ್ಕೆ ಚಾಚಿ, ಬಲಗಡೆಯ ಅಣೆಕಟ್ಟನ್ನು ತೋರಿಸಿದ.